ಅಂತರರಾಜ್ಯ ವಲಸೆ ಮತ್ತು ಬೆಂಗಳೂರಿನ ವಸತಿ, ಮೂಲಸೌಕರ್ಯ

ಒಂದು ರಾಜ್ಯದ ನಿವಾಸಿಗಳು ಉದ್ಯೋಗ, ಶಿಕ್ಷಣ, ವಿವಾಹ ಮೊದಲಾದ ಕಾರಣಗಳಿಂದ ಮತ್ತೊಂದು ರಾಜ್ಯಕ್ಕೆ ತೆರಳಿ ಅಲ್ಲಿ ನೆಲೆಸುವುದನ್ನು ಅಂತರರಾಜ್ಯ ವಲಸೆ ಎನ್ನುತ್ತಾರೆ. ವೇಗವಾಗಿ ಬೆಳೆಯುವ ಪ್ರದೇಶಗಳಲ್ಲಿ ಈ ವಲಸೆಯು ಮನೆಗಳ ಬೇಡಿಕೆಯನ್ನೂ, ಕುಡಿಯುವ ನೀರು, ಒಳಚರಂಡಿ, ರಸ್ತೆ ಹಾಗೂ ಸಾರ್ವಜನಿಕ ಸಾರಿಗೆಯ ಮೇಲಿನ ಒತ್ತಡವನ್ನೂ ಹೆಚ್ಚಿಸುತ್ತದೆ. ಭಾರತದಲ್ಲಿ ಇದಕ್ಕೆ ಮುಖ್ಯ ಉದಾಹರಣೆಗಳಲ್ಲಿ ಒಂದು ಕರ್ನಾಟಕದ ರಾಜಧಾನಿ ಬೆಂಗಳೂರು. ಬೇಡಿಕೆ ಮತ್ತು ಪೂರೈಕೆಯ ನಡುವಿನ ಕಾಲದ ಅಂತರವು ಈ ನಗರದ ಅನುಭವದಲ್ಲಿ ಎದ್ದು ಕಾಣುತ್ತದೆ. ಜನ ಬಂದ ಕೆಲವೇ ತಿಂಗಳಲ್ಲಿ ಬಾಡಿಗೆ ಏರುತ್ತದೆ, ಒಂದೆರಡು ವರ್ಷಗಳಲ್ಲಿ ಕಟ್ಟಡಗಳು ಏಳುತ್ತವೆ. ಅದೇ ಬಡಾವಣೆಗೆ ಕೊಳವೆಯ ನೀರು ಮತ್ತು ಒಳಚರಂಡಿ ತಲುಪಲು ಹತ್ತು ಹದಿನೈದು ವರ್ಷಗಳೇ ಹಿಡಿದಿವೆ.

ವಲಸೆಯ ಪ್ರಮಾಣ

ಭಾರತದ ಸಂವಿಧಾನದ 19ನೆಯ ವಿಧಿಯು ದೇಶದ ಯಾವುದೇ ಭಾಗದಲ್ಲಿ ಸಂಚರಿಸುವ, ವಾಸಿಸುವ ಮತ್ತು ನೆಲೆಸುವ ಹಕ್ಕನ್ನು ನಾಗರಿಕರಿಗೆ ನೀಡಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45.6 ಕೋಟಿ ವಲಸಿಗರಿದ್ದರು. ಇವರಲ್ಲಿ ಬಹುಪಾಲು ಜನ ತಮ್ಮ ರಾಜ್ಯದೊಳಗೇ ಸ್ಥಳ ಬದಲಿಸಿದವರು. ಮದುವೆಯಾಗಿ ಗಂಡನ ಊರಿಗೆ ಹೋದ ಮಹಿಳೆಯರ ಸಂಖ್ಯೆ ಇದರಲ್ಲಿ ಬಹಳ ದೊಡ್ಡದು. ರಾಜ್ಯದ ಗಡಿ ದಾಟಿದವರು ಸುಮಾರು 5.4 ಕೋಟಿ. 2016–17ರ ಕೇಂದ್ರ ಆರ್ಥಿಕ ಸಮೀಕ್ಷೆಯು ರೈಲು ಪ್ರಯಾಣದ ದತ್ತಾಂಶವನ್ನು ಆಧರಿಸಿ, 2011ರಿಂದ 2016ರ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 90 ಲಕ್ಷದಷ್ಟು ಜನ ರಾಜ್ಯಗಳ ನಡುವೆ ವಲಸೆ ಹೋಗಿರಬಹುದೆಂದು ಅಂದಾಜು ಮಾಡಿತು. ಇದು ಹಿಂದಿನ ಅಂದಾಜುಗಳಿಗಿಂತ ಹೆಚ್ಚು.

ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65.4 ಲಕ್ಷವಿದ್ದದ್ದು 2011ರಲ್ಲಿ 96.2 ಲಕ್ಷಕ್ಕೆ ಏರಿತು. ದಶಕದ ಬೆಳವಣಿಗೆ ಶೇಕಡ 47. ಅದೇ ಅವಧಿಯಲ್ಲಿ ಇಡೀ ಕರ್ನಾಟಕದ ಬೆಳವಣಿಗೆ ಶೇಕಡ 15.6 ಮಾತ್ರ. ಜನನ ಪ್ರಮಾಣವೊಂದರಿಂದಲೇ ಇಷ್ಟು ವ್ಯತ್ಯಾಸ ಬರಲಾರದು.

ಇಲ್ಲಿ ಸಾಮಾನ್ಯವಾಗಿರುವ ಒಂದು ತಪ್ಪು ತಿಳಿವಳಿಕೆಯನ್ನು ಗಮನಿಸಬೇಕು. ಬೆಂಗಳೂರಿಗೆ ಬಂದ ವಲಸಿಗರಲ್ಲಿ ಹೆಚ್ಚಿನವರು ಹೊರರಾಜ್ಯದವರಲ್ಲ, ಕರ್ನಾಟಕದ ಇತರ ಜಿಲ್ಲೆಗಳವರು. ಹೊರರಾಜ್ಯಗಳ ಪೈಕಿ ನೆರೆಯ ತಮಿಳುನಾಡು ಮತ್ತು ಅವಿಭಜಿತ ಆಂಧ್ರಪ್ರದೇಶಗಳ ಪಾಲು ಹಿಂದಿನಿಂದಲೂ ದೊಡ್ಡದು. ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂ, ಉತ್ತರ ಪ್ರದೇಶ ಮೊದಲಾದ ದೂರದ ರಾಜ್ಯಗಳಿಂದ ಬರುವವರ ಸಂಖ್ಯೆ ಮುಖ್ಯವಾಗಿ 2000ದ ನಂತರ ಹೆಚ್ಚಿತು. ಮನೆಮಾತನ್ನು ನೋಡಿ ವಲಸಿಗರನ್ನು ಗುರುತಿಸುವುದೂ ಸರಿಯಾದ ಕ್ರಮವಲ್ಲ. ಮನೆಯಲ್ಲಿ ತಮಿಳು, ತೆಲುಗು ಅಥವಾ ಉರ್ದು ಮಾತನಾಡುವ ಎಷ್ಟೋ ಕುಟುಂಬಗಳು ನಾಲ್ಕೈದು ತಲೆಮಾರುಗಳಿಂದ ಇದೇ ಊರಿನವು.

ಹಿನ್ನೆಲೆ

ಬ್ರಿಟಿಷರು 1809ರಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದ ಕಾಲದಿಂದ ಬೆಂಗಳೂರು ಎರಡು ಊರಾಗಿ ಬೆಳೆಯಿತು. ಪೇಟೆಯಲ್ಲಿ ಸ್ಥಳೀಯ ವ್ಯಾಪಾರಿಗಳೂ ಕಸುಬುದಾರರೂ ಇದ್ದರೆ, ದಂಡಿಗೆ ಸೈನ್ಯದೊಂದಿಗೆ ಮದರಾಸು ಪ್ರಾಂತ್ಯದ ಜನ ಬಂದರು. 1898ರ ಪ್ಲೇಗಿನ ನಂತರ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಎರಡನೆಯ ಮಹಾಯುದ್ಧದ ದಶಕದಲ್ಲಿ ನಗರದ ಜನಸಂಖ್ಯೆ ಸುಮಾರು 4.1 ಲಕ್ಷದಿಂದ 7.8 ಲಕ್ಷಕ್ಕೆ ಏರಿತು.

1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಬಳಿಕ ಬಂದ ಐಟಿಐ, ಎಚ್‌ಎಂಟಿ, ಬಿಇಎಲ್ ಮುಂತಾದ ಸಾರ್ವಜನಿಕ ಉದ್ದಿಮೆಗಳು ದೇಶದ ಹಲವು ಭಾಗಗಳಿಂದ ಕಾರ್ಮಿಕರನ್ನೂ ತಂತ್ರಜ್ಞರನ್ನೂ ಸೆಳೆದವು. ಈ ಉದ್ದಿಮೆಗಳು ಕಾರ್ಖಾನೆಯ ಜೊತೆಗೇ ಟೌನ್‌ಷಿಪ್ಪನ್ನೂ ಕಟ್ಟಿದವು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ನೌಕರರನ್ನು ಕರೆತರುವ ಬಸ್ಸು ಎಲ್ಲವೂ ಕಾರ್ಖಾನೆಯದೇ. ಉದ್ಯೋಗ ಸೃಷ್ಟಿಸಿದವರೇ ವಸತಿಯ ಹೊಣೆಯನ್ನೂ ಬಹುಮಟ್ಟಿಗೆ ಹೊತ್ತಿದ್ದರು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ನಗರಕ್ಕೆ ಬಂದಿತು, 1990ರ ದಶಕದಲ್ಲಿ ವೈಟ್‌ಫೀಲ್ಡ್‌ನ ತಂತ್ರಜ್ಞಾನ ಪಾರ್ಕ್ ತಲೆಯೆತ್ತಿತು. ಈ ಹೊಸ ಉದ್ದಿಮೆಗಳು ಕಚೇರಿಗಳನ್ನು ಮಾತ್ರ ಕಟ್ಟಿದವು. ವಸತಿಯ ಭಾರ ಹೊರಗಿನ ಬಾಡಿಗೆ ಮಾರುಕಟ್ಟೆಯ ಮೇಲೆ ಬಿದ್ದಿತು. ನಂತರದ ಸಮಸ್ಯೆಗಳಲ್ಲಿ ಹೆಚ್ಚಿನವು ಈ ಬದಲಾವಣೆಯಿಂದ ಹುಟ್ಟಿದವು ಎಂದರೆ ತಪ್ಪಾಗಲಾರದು.

ವಸತಿ ಬೇಡಿಕೆಯ ಸ್ವರೂಪ

ವಲಸೆಯಿಂದ ಹುಟ್ಟುವ ಬೇಡಿಕೆ ಜನಸಂಖ್ಯೆಯ ಹೆಚ್ಚಳಕ್ಕೆ ನೇರ ಅನುಪಾತದಲ್ಲಿರುವುದಿಲ್ಲ. ಒಂದು ಕುಟುಂಬದಲ್ಲಿ ಮಗು ಹುಟ್ಟಿದರೆ ಕೂಡಲೇ ಹೊಸ ಮನೆ ಬೇಕಾಗದು. ಉದ್ಯೋಗಕ್ಕೆಂದು ಇಪ್ಪತ್ತೆರಡು ವರ್ಷದವರೊಬ್ಬರು ಬಂದಿಳಿದರೆ ಅಂದೇ ರಾತ್ರಿ ಒಂದು ಹಾಸಿಗೆ ಬೇಕು. ಅದೂ ಬಾಡಿಗೆಯದು, ಕೆಲಸದ ಸ್ಥಳಕ್ಕೆ ಹತ್ತಿರದ್ದು, ಸ್ಥಳೀಯ ಪರಿಚಯವಿಲ್ಲದೆಯೂ ದೊರೆಯುವಂಥದ್ದು. ಈ ಕಾರಣದಿಂದ ವಲಸೆಯ ಪರಿಣಾಮ ಮೊದಲು ಕಾಣಿಸುವುದು ಕೆಲವೇ ಬಡಾವಣೆಗಳ ಬಾಡಿಗೆಯಲ್ಲಿ. ನಿವೇಶನಗಳ ಬೆಲೆಗೆ ಅದು ಹರಡುವುದು ವಲಸಿಗರು ಕುಟುಂಬಸ್ಥರಾಗಿ ಸಾಲ ಪಡೆದು ಮನೆ ಕೊಳ್ಳುವ ಹಂತದಲ್ಲಿ.

ಬಿ.ಟಿ.ಎಂ. ಬಡಾವಣೆ, ಮಡಿವಾಳ, ಮಾರತ್ತಹಳ್ಳಿ ಮೊದಲಾದೆಡೆ ಈ ಬೇಡಿಕೆಯನ್ನು ಪೂರೈಸಿದ್ದು ಮುಖ್ಯವಾಗಿ ಪೇಯಿಂಗ್ ಗೆಸ್ಟ್ ವಸತಿಗಳು, ಅಂದರೆ ಪಿ.ಜಿ.ಗಳು. ಒಂದು ಕುಟುಂಬದ ವಾಸಕ್ಕೆಂದು ಅಳೆದುಕೊಟ್ಟ ಮೂವತ್ತು–ನಲವತ್ತು ಅಡಿಯ ನಿವೇಶನದಲ್ಲಿ ನಾಲ್ಕೈದು ಅಂತಸ್ತು ಎಬ್ಬಿಸಿ, ಕೋಣೆಗೆ ಇಬ್ಬರು ಮೂವರಂತೆ ಹತ್ತಾರು ಜನರನ್ನು ಇರಿಸುವ ಪದ್ಧತಿ ಬೆಳೆಯಿತು. ಬಡಾವಣೆಯ ನೀರಿನ ಕೊಳವೆ, ಒಳಚರಂಡಿ ಮತ್ತು ರಸ್ತೆಯ ಅಗಲ ಮಾತ್ರ ಮೊದಲಿನ ಲೆಕ್ಕದಲ್ಲೇ ಉಳಿದವು.

ಈ ಬೆಳವಣಿಗೆಯಿಂದ ಸ್ಥಳೀಯರಿಗೆ ಆದ ಲಾಭ–ನಷ್ಟಗಳು ಒಂದೇ ಬಗೆಯವಲ್ಲ. ನಗರದ ಅಂಚಿನ ಹಳ್ಳಿಗಳಲ್ಲಿ ಜಮೀನು ಉಳಿಸಿಕೊಂಡಿದ್ದ ರೈತ ಕುಟುಂಬಗಳಿಗೆ ಬಾಡಿಗೆಯು ಬೆಳೆಗಿಂತ ಸ್ಥಿರವಾದ ಆದಾಯವಾಯಿತು. ಜಮೀನನ್ನು ಮೊದಲೇ ಮಾರಿದ್ದವರಿಗೆ, ಗೇಣಿದಾರರಾಗಿದ್ದವರಿಗೆ, ಹಳೆಯ ವಠಾರಗಳಲ್ಲಿ ಬಾಡಿಗೆಗಿದ್ದ ಕಡಿಮೆ ಆದಾಯದವರಿಗೆ ಅದೇ ಏರಿಕೆ ಊರು ಬಿಟ್ಟು ಇನ್ನೂ ಹೊರಕ್ಕೆ ಸರಿಯುವಂತೆ ಮಾಡಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ದೀರ್ಘಕಾಲ ಇದ್ದಿತು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮುಂಗಡದ ಮಿತಿಯಾಗಿ ಸೂಚಿಸಿದೆಯಾದರೂ, ಅದು ರಾಜ್ಯಗಳು ಅಳವಡಿಸಿಕೊಳ್ಳಬೇಕಾದ ಮಾದರಿ ಮಾತ್ರ. ಮುಂಗಡ ಹೊಂದಿಸಲಾಗದವರಿಗೆ ಉಳಿಯುವುದು ಪಿ.ಜಿ. ಅಥವಾ ಶೆಡ್ಡು.

ಕೋವಿಡ್ ಕಾಲವು ವಲಸೆ ಮತ್ತು ಬಾಡಿಗೆಯ ಸಂಬಂಧವನ್ನು ಪ್ರಯೋಗದಂತೆ ತೋರಿಸಿತು. 2020ರಲ್ಲಿ ಮನೆಯಿಂದಲೇ ಕೆಲಸ ಆರಂಭವಾಗಿ ಉದ್ಯೋಗಿಗಳು ಊರಿಗೆ ಮರಳಿದಾಗ ಪಿ.ಜಿ.ಗಳು ಖಾಲಿಯಾದವು, ಬಾಡಿಗೆಗೆ ಇದೆ ಎಂಬ ಫಲಕಗಳು ಬೀದಿ ಬೀದಿಯಲ್ಲಿ ಕಂಡವು. 2022ರಿಂದ ಕಚೇರಿಗಳು ತೆರೆದಂತೆ ಬಾಡಿಗೆ ಮೊದಲಿನ ಮಟ್ಟವನ್ನೂ ದಾಟಿ ಏರಿತು. ಎರಡು ವರ್ಷಗಳಲ್ಲಿ ಹೊಸ ನಿರ್ಮಾಣ ನಿಧಾನವಾಗಿತ್ತು, ಬೇಡಿಕೆ ಮಾತ್ರ ಒಟ್ಟಿಗೆ ಮರಳಿತು.

ಕಂದಾಯ ನಿವೇಶನಗಳು

ಯೋಜಿತ ಬಡಾವಣೆಗಳನ್ನು ರಚಿಸುವ ಹೊಣೆ 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯದಾಗಿತ್ತು. 1976ರಿಂದ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ) ಬಂದಿತು. ಭೂಸ್ವಾಧೀನದ ವ್ಯಾಜ್ಯಗಳಿಂದ ಬಿಡಿಎ ಬಡಾವಣೆಗಳು ವರ್ಷಗಟ್ಟಲೆ ವಿಳಂಬವಾದವು, ಬೇಡಿಕೆ ಕಾಯಲಿಲ್ಲ. ಕೃಷಿ ಭೂಮಿಯನ್ನು ಭೂಪರಿವರ್ತನೆಯಾಗಲಿ ನಕ್ಷೆಯ ಅನುಮೋದನೆಯಾಗಲಿ ಇಲ್ಲದೆ ತುಂಡು ಮಾಡಿ ಮಾರುವ ಕಂದಾಯ ನಿವೇಶನಗಳು ಆ ಜಾಗವನ್ನು ತುಂಬಿದವು. ಇಂಥ ಆಸ್ತಿಗಳಿಂದ ತೆರಿಗೆ ಪಡೆಯಲು ಪಾಲಿಕೆ ಪ್ರತ್ಯೇಕ ವಹಿಯನ್ನು ಇರಿಸಿತು. ಜನರ ಬಾಯಲ್ಲಿ ಅದು ‘ಬಿ ಖಾತೆ’ ಆಯಿತು. ಇವನ್ನು ದಂಡ ಪಡೆದು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ನೀಡಿತು. ಇತ್ತ ನಗರದ ಮಾಸ್ಟರ್ ಪ್ಲಾನ್ ಕೂಡ ಹಿಂದುಳಿಯಿತು: 2007ರಲ್ಲಿ ಅನುಮೋದನೆ ಪಡೆದ 2015ರ ಯೋಜನೆಯ ಅವಧಿ ಮುಗಿದ ಮೇಲೆ, 2031ರವರೆಗಿನ ಕರಡನ್ನು 2017ರಲ್ಲಿ ಪ್ರಕಟಿಸಿ 2020ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಕಾರ್ಮಿಕರ ವಸತಿ

ನಗರದ ಕಟ್ಟಡಗಳನ್ನು ಕಟ್ಟುವವರಲ್ಲಿ ದೊಡ್ಡ ಭಾಗ ವಲಸೆ ಕಾರ್ಮಿಕರು. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಕುಟುಂಬ ಸಮೇತ ಬಂದವರು ಸಾಮಾನ್ಯವಾಗಿ ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಗುಡಿಸಲು ಹಾಕಿಕೊಳ್ಳುತ್ತಾರೆ. ಪೂರ್ವ ಮತ್ತು ಈಶಾನ್ಯ ರಾಜ್ಯಗಳಿಂದ ಗುತ್ತಿಗೆದಾರರ ಮೂಲಕ ಬರುವ ಯುವಕರು ನಿರ್ಮಾಣ ಸ್ಥಳದ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೂ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ ತಾತ್ಕಾಲಿಕ ವಸತಿಯ ಹೊಣೆಯನ್ನು ಗುತ್ತಿಗೆದಾರ ಅಥವಾ ಮಾಲೀಕರ ಮೇಲೆ ಹೊರಿಸಿದ್ದವು. ಎರಡನ್ನೂ ಬಳಿಕ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಸಲಾಯಿತು. ಆದರೆ ಕಾಮಗಾರಿ ಮುಗಿದ ದಿನ ಶೆಡ್ಡೂ ಹೋಗುತ್ತದೆ.

ಜನವರಿ 2020ರಲ್ಲಿ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ವಿದೇಶಿಯರ ಅಕ್ರಮ ವಾಸವೆಂಬ ಶಂಕೆಯ ಮೇಲೆ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಈಶಾನ್ಯ ರಾಜ್ಯಗಳವರೂ ಇದ್ದರು. ಪ್ರಕರಣ ಹೈಕೋರ್ಟಿಗೆ ಹೋಗಿ, ತೆರವಿನ ಕ್ರಮವನ್ನು ನ್ಯಾಯಾಲಯ ಆಕ್ಷೇಪಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ರಾಜ್ಯ ಸರ್ಕಾರವು ಕಟ್ಟಡ ನಿರ್ಮಾಣಗಾರರ ಜೊತೆಗಿನ ಸಭೆಯ ನಂತರ ಶ್ರಮಿಕ ರೈಲುಗಳನ್ನು ರದ್ದುಗೊಳಿಸಿ, ತೀವ್ರ ಟೀಕೆ ಬಂದಾಗ ನಿರ್ಧಾರವನ್ನು ಹಿಂಪಡೆಯಿತು. ನಗರಕ್ಕೆ ಈ ಕಾರ್ಮಿಕರ ಅಗತ್ಯ ಎಷ್ಟಿದೆ, ಅವರಿಗೆ ಇಲ್ಲಿ ನೆಲೆ ಎಷ್ಟಿದೆ ಎಂಬುದರ ನಡುವಿನ ದೂರ ಆ ವಾರ ಎಲ್ಲರಿಗೂ ಕಾಣಿಸಿತು. ಜುಲೈ 2020ರಲ್ಲಿ ಕೇಂದ್ರವು ವಲಸಿಗರಿಗಾಗಿ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಯನ್ನು ಘೋಷಿಸಿತು. ಪಡಿತರದ ವಿಷಯದಲ್ಲಿ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳನ್ನೂ ತಲುಪಿತು.

ನೀರು

ಬೆಂಗಳೂರಿನ ಬಳಿ ದೊಡ್ಡ ನದಿಯಿಲ್ಲ. ಕೆರೆಗಳು, ಆನಂತರ ಹೆಸರಘಟ್ಟ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ನಗರಕ್ಕೆ ನೀರು ಕೊಟ್ಟವು. 1974ರಿಂದ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಪಂಪ್ ಮಾಡಿ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರಲಾಗುತ್ತಿದೆ. ನಾಲ್ಕು ಹಂತಗಳು 2012ರ ವೇಳೆಗೆ ಪೂರ್ಣಗೊಂಡು ದಿನಕ್ಕೆ ಸುಮಾರು 145 ಕೋಟಿ ಲೀಟರ್ ದೊರೆಯತೊಡಗಿತು.

ಕಾಲದ ಅಂತರಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ 110 ಹಳ್ಳಿಗಳದು. 2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು (ಬಿಬಿಎಂಪಿ) ರಚಿಸಲಾಯಿತು. ತಂತ್ರಜ್ಞಾನ ಕಂಪನಿಗಳ ನೆರೆಯ ಈ ಹಳ್ಳಿಗಳಲ್ಲಿ ಅಪಾರ್ಟ್‌ಮೆಂಟುಗಳು ದಟ್ಟವಾಗಿ ಎದ್ದವು, ಆಸ್ತಿ ತೆರಿಗೆಯೂ ಪಾಲಿಕೆಗೆ ಸಂದಿತು. ಅವುಗಳಿಗೆ ನೀರು ಕೊಡಲು ಜಪಾನಿನ ಸಾಲದ ನೆರವಿನಿಂದ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 16 ಅಕ್ಟೋಬರ್ 2024ರಂದು. ನಡುವಿನ 17 ವರ್ಷ ಅಲ್ಲಿನವರು ಬಹುಮಟ್ಟಿಗೆ ಬದುಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಮೇಲೆ. ಐದನೆಯ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್.

ಉದ್ಘಾಟನೆಗೆ ಕೆಲವೇ ತಿಂಗಳ ಹಿಂದೆ, 2023ರ ಮಳೆ ಕೈಕೊಟ್ಟ ಪರಿಣಾಮವಾಗಿ, 2024ರ ಬೇಸಿಗೆಯಲ್ಲಿ ನಗರ ತೀವ್ರ ಕೊರತೆಯನ್ನು ಕಂಡಿತು. ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತು. ಮಾರ್ಚ್ ತಿಂಗಳಲ್ಲಿ ಖಾಸಗಿ ಟ್ಯಾಂಕರ್‌ಗಳಿಗೆ ದರ ನಿಗದಿಪಡಿಸಬೇಕಾಯಿತು. ಕಾವೇರಿ ಕೊಳವೆ ಇದ್ದ ಹಳೆಯ ಬಡಾವಣೆಗಳು ಹೇಗೋ ನಿಭಾಯಿಸಿದವು. ಪೆಟ್ಟು ಬಿದ್ದದ್ದು ಹೊರ ವಲಯಕ್ಕೆ. ಅಲ್ಲಿ ಲಕ್ಷಾಂತರ ರೂಪಾಯಿ ಸಂಬಳದ ಅಪಾರ್ಟ್‌ಮೆಂಟ್ ನಿವಾಸಿಯೂ ಪಕ್ಕದ ಶೆಡ್ಡಿನ ಕೂಲಿಯೂ ಟ್ಯಾಂಕರಿಗೇ ಕಾದರು, ಆದರೆ ಕಾಯುವ ಶಕ್ತಿ ಇಬ್ಬರಿಗೂ ಸಮವಾಗಿರಲಿಲ್ಲ.

ನಗರದ ಬೆಳವಣಿಗೆ ಅಂತರರಾಜ್ಯ ಜಲವಿವಾದಕ್ಕೂ ತಾಗಿದೆ. 2007ರ ಕಾವೇರಿ ನ್ಯಾಯಮಂಡಳಿಯ ಐತೀರ್ಪು ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆಯೆಂದು ಪರಿಗಣಿಸಿ ಕುಡಿಯುವ ನೀರಿನ ಪಾಲನ್ನು ಲೆಕ್ಕ ಹಾಕಿತ್ತು. 16 ಫೆಬ್ರುವರಿ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಒಪ್ಪದೆ, ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ನೀರು ನೀಡಿತು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಮೀಸಲು.

ತ್ಯಾಜ್ಯ ನೀರು ಮತ್ತು ಕಸ

ಒಳಬರುವ ನೀರಿನ ಬಹುಭಾಗ ಕೊಳಚೆಯಾಗಿ ಹೊರಹೋಗಬೇಕು. ಒಳಚರಂಡಿ ತಲುಪದ ಬಡಾವಣೆಗಳ ಕೊಳಚೆ ರಾಜಕಾಲುವೆಗಳ ಮೂಲಕ ಕೆರೆಗಳನ್ನು ಸೇರಿತು. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಹೊತ್ತಿಕೊಂಡಾಗ ಈ ಸಂಗತಿ ದೇಶದ ಗಮನ ಸೆಳೆಯಿತು, 2017 ಮತ್ತು 2018ರಲ್ಲಿಯೂ ಅಲ್ಲಿ ಬೆಂಕಿ ಕಾಣಿಸಿಕೊಂಡಿತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬರದ ನಾಡಿಗೆ ನೀರು ಬಂದಿತೆಂಬ ಸಮಾಧಾನ, ಸಂಸ್ಕರಣೆಯ ಗುಣಮಟ್ಟದ ಬಗೆಗಿನ ಆತಂಕ, ಎರಡೂ ಕೋಲಾರದಲ್ಲಿ ಇವೆ.

ಕಸದ ಭಾರವನ್ನು ಹೊತ್ತದ್ದು ಸುತ್ತಲಿನ ಹಳ್ಳಿಗಳು. 2012ರಲ್ಲಿ ಮಾವಳ್ಳಿಪುರದ ಘಟಕ ಮುಚ್ಚಿದ ಬಳಿಕ ಬಹುತೇಕ ಕಸ ಮಂಡೂರಿಗೆ ಹೋಯಿತು. ಗ್ರಾಮಸ್ಥರ ದೀರ್ಘ ಹೋರಾಟದ ನಂತರ 2014ರ ಕೊನೆಗೆ ಅಲ್ಲಿಗೆ ಸಾಗಣೆ ನಿಂತಿತು. ನಗರದ ವಲಸೆಯಿಂದ ಬಾಡಿಗೆಯಾಗಲಿ ಉದ್ಯೋಗವಾಗಲಿ ಹೆಚ್ಚು ದೊರೆಯದ ಊರುಗಳು ಅದರ ಕಸವನ್ನು ಮಾತ್ರ ಪಡೆದವು.

ಸಾರಿಗೆ ಮತ್ತು ಪ್ರವಾಹ

ಎಲೆಕ್ಟ್ರಾನಿಕ್ ಸಿಟಿಗೆ ನಮ್ಮ ಮೆಟ್ರೊ ತಲುಪಿದ್ದು ಆಗಸ್ಟ್ 2025ರಲ್ಲಿ, ಅದು ಆರಂಭವಾಗಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದ ನಂತರ. ವೈಟ್‌ಫೀಲ್ಡ್ ಮಾರ್ಗ ನಗರದ ಮಧ್ಯಭಾಗಕ್ಕೆ ಪೂರ್ತಿಯಾಗಿ ಜೋಡಣೆಯಾದದ್ದು ಅಕ್ಟೋಬರ್ 2023ರಲ್ಲಿ. ಭಾರಿ ವಾಹನಗಳನ್ನು ನಗರದ ಹೊರಗೆ ಸಾಗಿಸಲೆಂದು ನಿರ್ಮಿಸಿದ ಹೊರ ವರ್ತುಲ ರಸ್ತೆ ಕಚೇರಿಗಳ ಸಾಲಾಗಿ ಮಾರ್ಪಟ್ಟು ಎಷ್ಟೋ ವರ್ಷಗಳಾದ ಮೇಲೆ, 2021ರಲ್ಲಿ ಅಲ್ಲಿನ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. ಈ ಮಧ್ಯೆ ಜನ ತಮ್ಮ ವಾಹನಗಳನ್ನು ತಾವೇ ಕೊಂಡರು. ನಗರದ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. 148 ಕಿಲೋಮೀಟರ್ ಉದ್ದದ ಉಪನಗರ ರೈಲು ಯೋಜನೆಗೆ 2020ರಲ್ಲಿ ಅನುಮೋದನೆ ದೊರೆತು 2022ರಲ್ಲಿ ಶಂಕುಸ್ಥಾಪನೆಯಾಯಿತು.

ಸೆಪ್ಟೆಂಬರ್ 2022ರ ಮಳೆಯಲ್ಲಿ ಹೊರ ವರ್ತುಲ ರಸ್ತೆ, ಬೆಳ್ಳಂದೂರು ಮತ್ತು ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ ನಿವಾಸಿಗಳನ್ನು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಕೆರೆಗಳ ನಡುವಿನ ಕಾಲುವೆಗಳ ಒತ್ತುವರಿಯೂ ತಗ್ಗಿನಲ್ಲಿ ಮನೆ ಕಟ್ಟಿದ್ದೂ ಇದಕ್ಕೆ ಕಾರಣಗಳೆಂದು ಗುರುತಿಸಲಾಯಿತು. ವಲಸೆಯೊಂದನ್ನೇ ದೂರಲು ಇಲ್ಲಿ ಆಧಾರವಿಲ್ಲ: ಮನೆ ಕೊಂಡವರು ಕಾಲುವೆಯನ್ನು ಮುಚ್ಚಿದವರಲ್ಲ.

ರಾಜಕೀಯ ಚರ್ಚೆ

ವಸತಿ ಮತ್ತು ನೀರಿನ ಕೊರತೆ ಆಗಾಗ ಭಾಷೆ ಮತ್ತು ಉದ್ಯೋಗದ ಪ್ರಶ್ನೆಯೊಂದಿಗೆ ಬೆರೆಯುತ್ತದೆ. ಸ್ಥಳೀಯರಿಗೆ ಉದ್ಯೋಗದಲ್ಲಿ ಆದ್ಯತೆ ನೀಡಬೇಕೆಂಬ ಬೇಡಿಕೆ 1980ರ ದಶಕದ ಸರೋಜಿನಿ ಮಹಿಷಿ ಸಮಿತಿಯ ವರದಿಯಿಂದ ಈಚೆಗೆ ನಿರಂತರವಾಗಿದೆ. ಜುಲೈ 2024ರಲ್ಲಿ ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಮೀಸಲು ಕಲ್ಪಿಸುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿ, ಉದ್ಯಮ ವಲಯದ ವಿರೋಧದ ನಂತರ ಅದನ್ನು ತಡೆಹಿಡಿಯಿತು. ಇಂಥದೇ ಹರಿಯಾಣದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದುಪಡಿಸಿತ್ತು. ಇತ್ತ ಮೂಲಸೌಕರ್ಯದ ಹೊಣೆ ಹೊತ್ತ ಬಿಬಿಎಂಪಿಯ ಚುನಾಯಿತ ಮಂಡಳಿಯ ಅವಧಿ ಸೆಪ್ಟೆಂಬರ್ 2020ರಲ್ಲಿ ಮುಗಿದ ಮೇಲೆ ಅದಕ್ಕೆ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾಗಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು.

ದತ್ತಾಂಶದ ಕೊರತೆ

2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ, ಮುಂದಿನದನ್ನು 2027ಕ್ಕೆ ನಿಗದಿಪಡಿಸಲಾಗಿದೆ. ಅಲ್ಲಿಯವರೆಗೆ ನೀರಿನ ಬೇಡಿಕೆ, ಪಡಿತರದ ಹಂಚಿಕೆ, ಶಾಲೆ–ಆಸ್ಪತ್ರೆಗಳ ಅಗತ್ಯ ಎಲ್ಲಕ್ಕೂ ಮೂಲ 2011ರ ಎಣಿಕೆಯೇ. ಜನಗಣತಿ ನಡೆದರೂ ಅದು ಎಲ್ಲರನ್ನೂ ಹಿಡಿಯುವುದಿಲ್ಲ. ಬಿತ್ತನೆಗೆ ಊರಿಗೆ ಹೋಗಿ ಸುಗ್ಗಿಯ ನಂತರ ಮರಳುವವರು, ಆರು ತಿಂಗಳಿಗೊಮ್ಮೆ ಕಾಮಗಾರಿ ಬದಲಿಸುವವರು ಎಣಿಕೆಯ ದಿನ ಎಲ್ಲಿದ್ದರೋ ಅಲ್ಲಿ ಲೆಕ್ಕಕ್ಕೆ ಸಿಗುತ್ತಾರೆ, ಕೆಲವೊಮ್ಮೆ ಎಲ್ಲಿಯೂ ಸಿಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ಇವರಲ್ಲಿ ಅನೇಕರ ಹೆಸರು ಹುಟ್ಟೂರಿನಲ್ಲೇ ಉಳಿದಿರುವುದರಿಂದ, ವಾರ್ಡಿನಲ್ಲಿ ನೀರು ಕೇಳುವ ಹಕ್ಕೂ ಪ್ರಾಯೋಗಿಕವಾಗಿ ದುರ್ಬಲವಾಗುತ್ತದೆ.